ಶಾಮಣ್ಣನವರ ನ್ಯೂಯಾರ್ಕ್

ಯಾವುದೇ ಊರಿನ ಬಗ್ಗೆ ಖಚಿತವಾಗಿ ತಿಳಿಯಬೇಕಾದರೆ ಆ ಊರಿಗೆ ಕಾಲಿಡದವರನ್ನು ಕೇಳಬೇಕು. ಹೋಗಿಬಂದವರಿಗೆ ನೂರೆಂಟು ಅನುಮಾನ; ಹೋಗದವರಿಗೆ ಒಂದೂ ಇರುವುದಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾವು ಜರ್ಸಿ ಸಿಟಿಯಲ್ಲಿ ಸಂಸಾರ ಹೂಡಿದಾಗ ನಮ್ಮ ಪಾಲಿಗೆ ಒದಗಿದ ನ್ಯೂಯಾರ್ಕ್ ಪಂಡಿತರೆಂದರೆ ಶಾಮಣ್ಣನವರು. ನಮಗಿಂತ ಎಂಟು ವರ್ಷ ಮೊದಲೇ ಅಮೆರಿಕಕ್ಕೆ ಬಂದವರು. ನ್ಯೂಜರ್ಸಿಯ ಕೆಂಡಲ್ ಪಾರ್ಕಿನಲ್ಲಿ ಸ್ವಂತ ಮನೆ, ಮನೆಯ ಮುಂದೆ ಮಾರುದ್ದದ ಕಾರು. ಊರಿನಿಂದ ಬರುವ ನೆಂಟರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗುವಾಗ ಮಾತ್ರ ಅವರು ನ್ಯೂಯಾರ್ಕನ್ನು ಹಾಯುತ್ತಿದ್ದರು, ಅದೂ ಗಾಜು ಏರಿಸಿ, ಕಾರಿನ ನಾಲ್ಕೂ ಬಾಗಿಲು ಲಾಕ್ ಮಾಡಿಕೊಂಡು. ಉಳಿದ ಜ್ಞಾನವೆಲ್ಲ ಟೀವಿ ಸುದ್ದಿಯ ಕೃಪೆ.

"ಏನಮ್ಮಾ, ಇಷ್ಟು ಚಿಕ್ಕ ಮಕ್ಳನ್ನ ಕಟ್ಕೊಂಡು ಸಿಟೀಗೆ ಹೋಗ್ತೀಯಾ? ಸಬ್‌ವೇನಲ್ಲಿ ಯಾರನ್ನೂ ಕಣ್ಣೆತ್ತಿ ನೋಡ್ಬಾರ್ದು. ಮಾತಾಡ್ಸಿದ್ರೆ ಕಿವುಡಿ ಹಾಗೆ ಇರ್ಬೇಕು. ಯಾರಾದ್ರೂ ಸಾಮಾನಿಗೆ ಕೈ ಹಾಕಿದ್ರೆ ಜೋರಾಗಿ ಕಿರಿಚ್ಕೊಂಡ್ಬಿಡು, ಅಷ್ಟೆ."

ಇಷ್ಟನ್ನೂ ಅವರು ಹೇಳುತ್ತಿದ್ದುದು ನಮ್ಮ ಸೋಫಾದ ಮೇಲೆ ಕೂತು, ನಾನು ಮಾಡಿದ ಉಪ್ಪಿಟ್ಟನ್ನು ಎರಡನೇ ಸಲ ಬಡಿಸಿಕೊಳ್ಳುತ್ತ. ನಮ್ಮವರು ಗುರೂಪದೇಶ ಪಡೆಯುವವರಂತೆ ತಲೆಯಾಡಿಸುತ್ತಿದ್ದರು. ಇವರೋ ಎಂಜಿನಿಯರು, ಸೇತುವೆ ಬೀಳುತ್ತದೋ ಇಲ್ಲವೋ ಎಂಬುದನ್ನು ಹತ್ತು ಸಲ ಲೆಕ್ಕ ಹಾಕಿ ನೋಡುವ ಮನುಷ್ಯ, ಶಾಮಣ್ಣನವರ ಮಾತನ್ನು ಮಾತ್ರ ಒಂದು ಸಲವೂ ಪರೀಕ್ಷಿಸಲಿಲ್ಲ.

ನನ್ನ ಪಾಡು ಕೇಳಿ. ಕಾರು ಓಡಿಸಲು ಬಾರದು. ಮೂರನೇ ಮಹಡಿಯ ಎರಡು ಕೋಣೆ, ಮೂರೂವರೆ ವರ್ಷದ ಸುಧೀಂದ್ರ, ಒಂದೂವರೆ ವರ್ಷದ ಪುಟ್ಟಿ. ಅಡುಗೆಮನೆಯ ಕಿಟಕಿಯಲ್ಲಿ, ಹೊಳೆಯಾಚೆ, ಅದೇ ಊರು. ಅಲ್ಲಿ ಎರಡು ಮಹಾ ಕಟ್ಟಡಗಳು ಮೇಲೇಳುತ್ತಿದ್ದವು. ನಾನು ಪಾತ್ರೆ ತೊಳೆಯುತ್ತ ತೊಳೆಯುತ್ತ ಅವು ಆಕಾಶ ಮುಟ್ಟಿದವು, ನಾನು ಸಿಂಕಿನ ಮುಂದೆಯೇ ಇದ್ದೆ. ಇನ್ನು ಸ್ವಲ್ಪ ದಿನ ಹೀಗೇ ಕಳೆದರೆ ನನಗೆ ಹುಚ್ಚು ಹಿಡಿಯುತ್ತದೆಂದು ನಿಜವಾಗಿಯೂ ಹೆದರಿದ್ದೆ. ಕೊನೆಗೆ ಅತ್ತು, ಊಟ ಬಿಟ್ಟು, ನಮ್ಮವರಿಂದ ಒಂದು ಕರಾರು ಮಾಡಿಸಿಕೊಂಡೆ. ಮಕ್ಕಳೊಂದಿಗೆ ಒಂದು ಸಲ ಸಿಟಿಗೆ ಹೋಗಿ ಬರುವುದು. ಏನೂ ಯಡವಟ್ಟಾಗದಿದ್ದರೆ ವಾರಕ್ಕೊಮ್ಮೆ ಹೋಗಬಹುದು. ಯಡವಟ್ಟಾದರೆ, ಇಬ್ಬರೂ ಸ್ಕೂಲು ಸೇರುವ ತನಕ ಆ ಊರಿನ ಹೆಸರೆತ್ತಬಾರದು.

ನಮ್ಮ ಹಳೆಯ ಕವಿಗಳಿಗೆ ಹದಿನೆಂಟು ವರ್ಣನೆಗಳ ಪಟ್ಟಿಯಿತ್ತಲ್ಲ, ಅದರಲ್ಲಿ ನಗರವರ್ಣನೆಯೂ ಒಂದು. ಕಂದಕ, ಕೋಟೆ, ಮುಗಿಲು ಮುಟ್ಟುವ ಉಪ್ಪರಿಗೆ, ರತ್ನ ಸುರಿದ ಅಂಗಡಿಬೀದಿ, ಬೇಕಾದಷ್ಟು ವಾರಾಂಗನೆಯರು. ಕಾಲೇಜಿನಲ್ಲಿ ಇವನ್ನೆಲ್ಲ ಕಂಠಪಾಠ ಮಾಡಿದ್ದೆ. ಎರಡು ಮಕ್ಕಳೊಂದಿಗೆ ಮ್ಯಾನ್‌ಹ್ಯಾಟನ್ನಿನಲ್ಲಿ ಇಳಿದ ಮೇಲೆ ಗೊತ್ತಾಯಿತು, ಆ ಮಹಾಕವಿಗಳಲ್ಲಿ ಒಬ್ಬನೂ ಮಗು ಎತ್ತಿಕೊಂಡು ನಗರ ನೋಡಿದವನಲ್ಲ. ನೋಡಿದ್ದರೆ ಉಪ್ಪರಿಗೆ ಬಿಟ್ಟು ಬಚ್ಚಲು ಎಲ್ಲಿದೆಯೆಂದು ಬರೆಯುತ್ತಿದ್ದ. ಹತ್ತೊಂಬತ್ತನೆಯ ವರ್ಣನೆಯಾಗಿ ಅದನ್ನು ಸೇರಿಸಬೇಕೆಂದು ನನ್ನ ವಿನಂತಿ.

ಮಕ್ಕಳಿಗೆ ಊರು ತೋರಿಸುತ್ತೇವೆ ಎನ್ನುವುದೂ ಒಂದು ದೊಡ್ಡ ಬೊಗಳೆಯೇ. ಮೂರೂವರೆ ವರ್ಷದವನಿಗೆ ನೂರು ಅಂತಸ್ತು ಕಾಣುವುದಿಲ್ಲ. ಅವನ ನ್ಯೂಯಾರ್ಕು ನೆಲದಿಂದ ಮೂರಡಿ ಎತ್ತರಕ್ಕೆ ಮುಗಿದುಹೋಗುತ್ತದೆ. ಬೂಟುಗಳು, ಸಿಗರೇಟಿನ ತುಂಡು, ಯಾರದೋ ನಾಯಿ, ರಸ್ತೆಯ ತೂತಿನಿಂದ ಏಳುವ ಹಬೆ. ಹಬೆಯ ಹತ್ತಿರ ನಿಂತವನು ಅರ್ಧ ಗಂಟೆ ಜಗ್ಗಲಿಲ್ಲ. "ಹೂ ಈಸ್ ಕುಕಿಂಗ್ ಇನ್‌ಸೈಡ್?" ಎಂದು ಒಂದೇ ಪ್ರಶ್ನೆ. ಮ್ಯೂಸಿಯಮ್ಮಿನಲ್ಲಿ ಕೋಟಿಗಟ್ಟಲೆ ವರ್ಷ ಹಳೆಯ ಡೈನೋಸಾರಿನ ಅಸ್ಥಿಪಂಜರದ ಮುಂದೆ ನಿಲ್ಲಿಸಿದರೆ, ಅದರ ಸುತ್ತ ಕಟ್ಟಿದ್ದ ಹಗ್ಗ ಹಿಡಿದು ಜೋತಾಡಿದ. ಪುಟ್ಟಿ ನಿದ್ದೆಹೋದಳು. ಡೈನೋಸಾರನ್ನು ನೋಡಿದವಳು ನಾನು. ಬಾಯಿ ತೆರೆದುಕೊಂಡು, ಮೂರೂವರೆ ವರ್ಷದಲ್ಲಿ ಮೊದಲ ಬಾರಿಗೆ ಯಾರಿಗೂ ಉಣಿಸದೆ, ಯಾರನ್ನೂ ಒರೆಸದೆ, ಹತ್ತು ನಿಮಿಷ ನೋಡಿದೆ. ಆಮೇಲೆ ಒಂದು ಬೆಂಚಿನಲ್ಲಿ ಡಬ್ಬಿ ತೆರೆದು ಮೊಸರನ್ನ ತಿಂದೆವು. ಎಷ್ಟು ಸಂತೋಷವಾಗಿತ್ತೆಂದರೆ ಶಾಮಣ್ಣನವರನ್ನೂ ಕ್ಷಮಿಸಿಬಿಟ್ಟಿದ್ದೆ.

ಯಡವಟ್ಟು ಕಾದಿದ್ದುದು ವಾಪಸು ಬರುವಾಗ. ಜರ್ಸಿಯ ರೈಲು ಹಿಡಿಯಲು ಸಬ್‌ವೇಯ ಮೆಟ್ಟಿಲು ಹತ್ತಬೇಕು. ಕೈಯಲ್ಲಿ ಪುಟ್ಟಿ ಕೂತಿದ್ದ ತಳ್ಳುಗಾಡಿ, ಯಾರೋ ಉಪಯೋಗಿಸಿ ಬಿಟ್ಟ, ಕಬ್ಬಿಣದ ಮಂಚದಷ್ಟು ಭಾರದ ಗಾಡಿ. ಬೆಳಿಗ್ಗೆ ಜನ ಕಡಿಮೆಯಿದ್ದಾಗ ಅದನ್ನು ಒಂದೊಂದೇ ಮೆಟ್ಟಿಲು ಎಳೆದು ಏರಿಸಿದ್ದೆ. ಈಗ ಆಫೀಸು ಬಿಡುವ ಹೊತ್ತು. ಸುಧೀಂದ್ರ ನನ್ನ ಸೆರಗು ಹಿಡಿದಿದ್ದ. ನಾನು ಮೊದಲ ಮೆಟ್ಟಿಲ ಬಳಿ ಗಾಡಿ ಎತ್ತಲು ಬಾಗಿದೆನೋ ಇಲ್ಲವೋ, ಎಲ್ಲಿಂದಲೋ ಒಬ್ಬ ಆರಡಿ ಎತ್ತರದ ಮನುಷ್ಯ ಬಂದು, ಒಂದು ಮಾತಿಲ್ಲ ಕತೆಯಿಲ್ಲ, ಗಾಡಿಯ ಮುಂದಿನ ತುದಿಗೆ ಕೈ ಹಾಕಿ ಎತ್ತಿದ.

ಶಾಮಣ್ಣನವರ ಉಪದೇಶ ಅಕ್ಷರಶಃ ನೆನಪಾಯಿತು, ಅಕ್ಷರಶಃ ಪಾಲಿಸಿದೆ. "ಬಿಡೋ! ಬಿಡೋ ನನ್ನ ಮಗೂನ! ಅಯ್ಯೋ ಕಳ್ಳ, ಕಳ್ಳ!" ಎಂದು ಇಡೀ ಸುರಂಗ ಕೇಳುವಂತೆ ಕಿರುಚಿದೆ. ಅವನು ಮೇಲಕ್ಕೆ, ನಾನು ಕೆಳಕ್ಕೆ, ನಡುವೆ ಪುಟ್ಟಿ ಉಯ್ಯಾಲೆಯೆಂದು ತಿಳಿದು ಕೇಕೆ ಹಾಕಿದಳು. ಗಾಡಿಗೆ ಸಿಕ್ಕಿಸಿದ್ದ ಛತ್ರಿ ಕೈಗೆ ಬಂತು. ಅವನ ಮೊಣಕೈಗೆ ಎರಡು ಬಾರಿಸಿದೆ.

"ಲೇಡೀ, ಹೀ ಈಸ್ ಜಸ್ಟ್ ಕ್ಯಾರಿಯಿಂಗ್ ಇಟ್!" ಎಂದು ಹಿಂದಿನಿಂದ ಒಬ್ಬ ಮುದುಕಿ ಗದರಿದಳು. ಅಷ್ಟರಲ್ಲಿ ನಾವು ಅರ್ಧದಷ್ಟು ಮೆಟ್ಟಿಲು ಏರಿಯಾಗಿತ್ತು. ಹೊಡೆತ ತಿನ್ನುತ್ತಲೇ ಅವನು ಗಾಡಿಯನ್ನು ಮೇಲಕ್ಕೆ ತಂದು, ನೆಲದ ಮೇಲೆ ಮೆಲ್ಲಗೆ ಇಳಿಸಿ, ಮೊಣಕೈ ಉಜ್ಜಿಕೊಂಡ. "ನೆಕ್ಸ್ಟ್ ಟೈಮ್, ಹೋಲ್ಡ್ ಯುವರ್ ಎಂಡ್ ಹೈಯರ್," ಎಂದು ಗೊಣಗಿ ಜನಜಂಗುಳಿಯಲ್ಲಿ ಸೇರಿಹೋದ. ಆಮೇಲೆ ನೋಡುತ್ತೇನೆ, ಪಕ್ಕದ ಮೆಟ್ಟಿಲ ಮೇಲೂ ಇನ್ನೊಬ್ಬ ತಾಯಿಯ ಗಾಡಿಯನ್ನು ಯಾರೋ ಹೀಗೇ ಎತ್ತಿಕೊಡುತ್ತಿದ್ದಾನೆ, ಮುಖ ಕೂಡ ನೋಡದೆ. ಅದು ಆ ಊರಿನ ಪದ್ಧತಿ. ಟೀವಿಯಲ್ಲಿ ತೋರಿಸುವಂಥದ್ದಲ್ಲ.

ಮನೆಯಲ್ಲಿ ನಮ್ಮವರಿಗೆ "ಏನೂ ಆಗ್ಲಿಲ್ಲ ಕಣ್ರೀ" ಎಂದು ಸುಳ್ಳು ಹೇಳಿದೆ. ಶನಿವಾರ ಶಾಮಣ್ಣನವರು ಬಂದರು. ಉಪ್ಪಿಟ್ಟು ಬಂತು. "ಹೇಗಿತ್ತೋ ಸಿಟಿ?" ಎಂದು ಅವರು ಸುಧೀಂದ್ರನ ಕೆನ್ನೆ ಚಿವುಟಿದರು.

"ಅಮ್ಮ ಹಿಟ್ ಎ ಮ್ಯಾನ್, ಅಂಕಲ್! ವಿತ್ ದಿ ಅಂಬ್ರೆಲ್ಲಾ!"

ಶಾಮಣ್ಣನವರ ಮುಖ ಹಬ್ಬದ ಮನೆಯಾಯಿತು. "ನೋಡಿದ್ರಾ? ಬಡ್ಕೊಂಡೆ ನಾನು! ಏನ್ ಮಾಡ್ದ ಅವ್ನು?"

ನಮ್ಮವರು ನನ್ನನ್ನೇ ನೋಡುತ್ತಿದ್ದರು. ವಾರಕ್ಕೊಂದು ದಿನದ ನನ್ನ ಬಿಡುಗಡೆ ಆ ಸೋಫಾದ ಮೇಲೆ ಪ್ರಾಣ ಬಿಡುತ್ತಿತ್ತು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ.

"ಗಾಡಿ ಎತ್ತಿ ಮೇಲಿಟ್ಟ," ಎಂದೆ.

"ಆಮೇಲೆ?"

"ಆಮೇಲೆ ಮನೆಗೆ ಹೋದ."

"ಮತ್ಯಾಕಮ್ಮಾ ಹೊಡ್ದೆ?"

"ನೀವು ಹೇಳಿದ್ರಲ್ಲ, ಅದಕ್ಕೆ."

ಶಾಮಣ್ಣನವರು ತಟ್ಟೆಯಲ್ಲಿದ್ದ ಮೆಣಸಿನಕಾಯನ್ನು ಬಹಳ ಶ್ರದ್ಧೆಯಿಂದ ಪಕ್ಕಕ್ಕಿಟ್ಟರು. ನಮ್ಮವರು ನಗು ತಡೆಯಲಾರದೆ ಹೇಳಿದರು: "ಕರಾರಿನ ಪ್ರಕಾರ ಯಡವಟ್ಟಾಗಿರೋದು ನಿಜ ಕಣೇ. ಆದ್ರೆ ಆಗಿರೋದು ನಿಂಗಲ್ಲ, ಆ ಊರಿಗೆ. ಮುಂದಿನ ವಾರ ಛತ್ರಿ ಮನೇಲೇ ಬಿಟ್ಟು ಹೋಗು."

ಛತ್ರಿ ಬಿಟ್ಟು ಹೋದೆ, ಅದೇನು ಕಷ್ಟವಲ್ಲ. ಶಾಮಣ್ಣನವರನ್ನು ತಲೆಯಿಂದ ಇಳಿಸಿ, ಮನೆಯಲ್ಲೇ ಬಿಟ್ಟು ಹೋಗಲು ಮಾತ್ರ ಇನ್ನೂ ಎಷ್ಟೋ ವಾರ ಹಿಡಿಯಿತು.