ಹಸಿರು ಪೆನ್ಸಿಲ್ಲಿನ ಅಕ್ಕ

ನಮ್ಮ ಆಡಿಟ್ ಆಫೀಸಿನಲ್ಲಿ ಸಾಹೇಬರದು ಕೆಂಪು ಪೆನ್ಸಿಲ್, ಉಳಿದವರದು ನೀಲಿ. ಹಸಿರು ಅಕ್ಕನದು ಮಾತ್ರ. ಆಡಿಟರ್ ಸಾಹೇಬರು ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರು. ಆದರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಕೆಳಗಿನ ಜೆರಾಕ್ಸ್ ಅಂಗಡಿಯವರೂ ಹಾಗೇ, ಬ್ಯಾಂಕಿನವರೂ ಹಾಗೇ. ಅಕ್ಕನ ಬಗ್ಗೆ ನಾನು ನೋಡಿದ್ದನ್ನು ನೋಡಿದ್ದು ಎಂದೂ, ಅವರು ಹೇಳಿದ್ದನ್ನು ಅವರು ಹೇಳಿದ್ದು ಎಂದೂ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ಅವರಿಗೆ ಇಷ್ಟವಾಗುವುದಿಲ್ಲ.

ಮೊದಲು ನೋಡಿದ್ದು. ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು. ಪೆನ್ಸಿಲ್ಲನ್ನು ಬ್ಲೇಡಿನಿಂದ ಕೆತ್ತುತ್ತಾರೆ. ಬೆರಳಿಗೆ ಸಿಗದಷ್ಟು ಚಿಕ್ಕದಾದ ಮೇಲೂ ಅದಕ್ಕೆ ಕಾಗದ ಸುತ್ತಿ ಇನ್ನೊಂದು ತಿಂಗಳು ಓಡಿಸುತ್ತಾರೆ. ಲೆಕ್ಕದ ಪುಸ್ತಕದ ಒಂದೊಂದು ಸಾಲಿಗೂ ಬಿಲ್ಲೋ ರಸೀದಿಯೋ ಸರಕೋ ಕಣ್ಣಿಗೆ ಬಿದ್ದರೆ ಮಾತ್ರ ಒಂದು ಟಿಕ್ ಹಾಕುತ್ತಾರೆ. ಬೀಳದಿದ್ದರೆ ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆಯುತ್ತಾರೆ. ಬೇರೆ ಆಫೀಸುಗಳಿಂದ ಬಂದವರು ಇದನ್ನು ಕಂಡು ನಗುತ್ತಾರೆ.

ನಾನು ಅಲ್ಲಿಗೆ ಸೇರಿದ್ದು ಕಾಲೇಜು ಬಿಟ್ಟು. ಕಾಲೇಜಿನ ದೊಡ್ಡ ಹಾಲಿನಲ್ಲಿ ಹಾಜರಿ ಕೂಗುವಾಗ ನನ್ನ ದನಿ ಮೇಷ್ಟರ ತನಕ ಹೋಗುತ್ತಿರಲಿಲ್ಲ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಹೋದೆ. ಹಾಜರಿ ಪುಸ್ತಕದಲ್ಲಿ ಹನ್ನೊಂದೇ ದಿನ ಬಂದಿದ್ದೆ. ಹೋಗಿ ಹೇಳಲು ಧೈರ್ಯ ಬರಲಿಲ್ಲ. ಬಿಟ್ಟೆ. ಆಡಿಟರ ಕೈಕೆಳಗೆ ಅಪ್ರೆಂಟಿಸ್ ಆಗಿ ಕೆಲಸ ಕಲಿಯುತ್ತೇನೆ ಎಂದಾಗ ಅಪ್ಪ ಒಂದು ಗಡುವು ಹಾಕಿದರು.

“ಮೂರು ತಿಂಗಳು ನೋಡು,” ಎಂದರು. “ಅವರು ಇಟ್ಕೊಂಡ್ರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷದ ಫಾರಂ ತುಂಬಿ ಇಟ್ಟಿರ್ತೀನಿ, ಸುಮ್ನೆ ಕಾಲೇಜಿಗೆ ಹೋಗ್ಬೇಕು.”

ತುಂಬಿದ ಫಾರಂ ಟಿವಿಯ ಮೇಲೆ ಕೂತಿತ್ತು. ಧೂಳು ಒರೆಸುವಾಗಲೆಲ್ಲ ಅದನ್ನು ಎತ್ತಿ ಮತ್ತೆ ಇಡುತ್ತಿದ್ದೆ.

ಮೂರು ತಿಂಗಳ ಕೊನೆಯ ವಾರದಲ್ಲಿ ನನ್ನನ್ನು ಒಂದು ಬೂಟಿನ ಅಂಗಡಿಗೆ ಸ್ಟಾಕ್ ಎಣಿಸಲು ಕಳಿಸಿದರು, ಒಬ್ಬಳನ್ನೇ. ಗೋಡೆಯ ತುಂಬ ಡಬ್ಬಗಳು, ಮುಂದಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ಬೂಟುಗಳು. ಏಣಿ ಹತ್ತಿ ಇಳಿಯುವ ಸೇಲ್ಸ್‌ಮನ್ ಒಬ್ಬರಿದ್ದರು, ನರೆತ ಮೀಸೆಯವರು. ಕಪಾಟಿನಲ್ಲಿದ್ದವೆಲ್ಲ ಒಂದೊಂದೇ ಬೂಟು. ಅವುಗಳ ಜೊತೆ ಎಲ್ಲಿ ಎಂದು ಕೇಳಬೇಕೆಂದು ಏಣಿಯ ಕೆಳಗೆ ನಿಂತೆ. ಅವರು ಗಿರಾಕಿಯೊಬ್ಬರ ಕಾಲು ಹಿಡಿದು ಅಳತೆ ನೋಡುತ್ತಿದ್ದರು. ಆಮೇಲೆ ಇನ್ನೊಬ್ಬ ಗಿರಾಕಿ ಬಂದರು. ಒಳಗೆ ಎಲ್ಲೋ ಇರಬೇಕು ಎಂದುಕೊಂಡೆ. ಡಬ್ಬಗಳನ್ನು ಎಣಿಸಿದೆ, ಕಪಾಟನ್ನೂ ಎಣಿಸಿದೆ, ಎಲ್ಲಕ್ಕೂ ಟಿಕ್ ಹಾಕಿ ಬಂದೆ.

ಗುರುವಾರ ಸಾಹೇಬರು ಕರೆದರು.

“ಪುಸ್ತಕದಲ್ಲಿ ಸಾವಿರದ ನೂರೆಂಟು ಜೊತೆ. ನೀನು ಎಣಿಸಿದ್ದು ಸಾವಿರದ ಇನ್ನೂರ ಐವತ್ತು. ಕಡಿಮೆ ಬರೋದು ಕಂಡಿದ್ದೀನಿ, ಇಷ್ಟೊಂದು ಜಾಸ್ತಿ ಬಂದಿದ್ದು ಇದೇ ಮೊದಲು. ಕಪಾಟಲ್ಲಿ ಬೂಟು ಮರಿ ಹಾಕ್ತಾವೇನಮ್ಮ?”

ಆಫೀಸೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಸೇಲ್ಸ್‌ಮನ್ ಬಿಲ್ಲಿಲ್ಲದ ಸರಕು ತಂದಿಟ್ಟುಕೊಂಡು ತನ್ನ ಲಾಭಕ್ಕೆ ಮಾರುತ್ತಿದ್ದಾನೆ ಎಂದು ಅಂಗಡಿಯ ಮಾಲೀಕರಿಗೆ ಅನುಮಾನ ಬಂದಿತ್ತು. ಸೋಮವಾರದಿಂದ ಬರುವುದು ಬೇಡ ಎಂದು ಹೇಳುವವರಿದ್ದರಂತೆ.

“ಸರಿಯಾಗಿ ಎಣಿಸಿದ್ದೀಯಾ?”

ತಲೆಯಾಡಿಸಿದೆ. ಎರಡು ಸಲ ಎಣಿಸಿದ್ದು ನಿಜವಾಗಿತ್ತು.

ಸಂಜೆ ಮನೆಯಲ್ಲಿ ಅಪ್ಪ ಹೊರಡಲು ಬಾಗಿಲ ಹತ್ತಿರ ನಿಂತಿದ್ದರು. ಒಂದು ಕಾಲಿಗೆ ಬೂಟಿತ್ತು. “ಇನ್ನೊಂದು ಎಲ್ಲೇ? ಇಲ್ಲೇ ಬಿಟ್ಟಿದ್ದೆ!” ಎಂದು ಕುಂಟುತ್ತ ಹುಡುಕುತ್ತಿದ್ದರು. ಅದು ಸ್ಟ್ಯಾಂಡಿನ ಕೆಳಗಿನ ಡಬ್ಬದಲ್ಲಿತ್ತು, ಅಮ್ಮ ಎತ್ತಿಟ್ಟಿದ್ದರು. ಡಬ್ಬದಿಂದ ತೆಗೆದುಕೊಡುವಾಗ ನನಗೆ ಹೊಳೆಯಿತು. ಕಪಾಟಿನ ಒಂದೊಂದು ಬೂಟಿನ ಜೊತೆಯೂ ಗೋಡೆಯ ಡಬ್ಬದಲ್ಲೇ ಇತ್ತು. ಒಂದು ಜೊತೆಯನ್ನು ನಾನು ಎರಡು ಮಾಡಿದ್ದೆ, ನೂರ ನಲವತ್ತೆರಡು ಸಲ.

ಹೇಳಿದರೆ ಆಫೀಸಿನಲ್ಲಿ ಉಳಿಯುವ ಮಾತು ಮುಗಿಯಿತು. ಹೇಳದಿದ್ದರೆ ನರೆತ ಮೀಸೆಯವರ ಕೆಲಸ ಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಅಕ್ಕ ಆಗಲೇ ಬಂದು ಪೆನ್ಸಿಲ್ ಕೆತ್ತುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದರು.

“ಡಬ್ಬ ಬಿಚ್ಚಿದ್ಯಾ?”

“ಇಲ್ಲ ಅಕ್ಕ.”

“ಮತ್ತೆ ‘ನೋಡಿಲ್ಲ’ ಅಂತ ಬರೆಯೋಕೆ ಏನಾಗಿತ್ತು ನಿಂಗೆ?”

“ಬರೆದ್ರೆ... ಕೆಲಸ ಬರಲ್ಲ ಅಂದ್ಕೋತಾರೆ ಅಂತ.”

“ಒಂಟಿ ಬೂಟು ಮೆಟ್ಕೊಂಡು ಯಾರು ಓಡಾಡ್ತಾರೆ ಪುಟ್ಟಿ?” ಅಕ್ಕ ಪೆನ್ಸಿಲ್ಲಿನ ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು. “ಬಾ, ಸಾಹೇಬ್ರಿಗೆ ಹೇಳು.”

“ನೀವೇ ಹೇಳಿ ಅಕ್ಕ, ದಯವಿಟ್ಟು.”

“ಎಣಿಸಿದ್ದು ನಾನಾ? ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ.”

ಹೇಳಿದೆ. ಸಾಹೇಬರು “ಏನಂದೆ?” ಎಂದರು. ಮತ್ತೆ ಹೇಳಿದೆ. ಅವರು ಅಂಗಡಿ ಮಾಲೀಕರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಮೂರನೇ ಸಲ ಹೇಳಿದೆ, ಗೋಡೆ ನೋಡುತ್ತ. ಆ ಕಡೆಯಿಂದ ಉಸಿರು ಬಿಟ್ಟಿದ್ದು ಕೇಳಿಸಿತು. “ಎಲ್ಲಾ ಇನ್ನೊಂದ್ಸಲ ಎಣಿಸಿ. ಆಮೇಲೆ ನೋಡೋಣ,” ಎಂದರು.

ಅಂಗಡಿಗೆ ನಡೆದು ಹೋಗುವಾಗ ಅಕ್ಕ ಹೇಳಿದ್ದು ಇದು. ಹದಿನೆಂಟು ವರ್ಷಕ್ಕೆ, ಟೈಪಿಸ್ಟೊಬ್ಬರು ರಜೆ ಹಾಕಿದಾಗ ಹದಿನೈದು ದಿನಕ್ಕೆಂದು ಬಂದರಂತೆ. ಮೂವತ್ತೊಂದು ವರ್ಷವಾಯಿತು, ಟೈಪಿಸ್ಟ್ ವಾಪಸು ಬಂದೇ ಇಲ್ಲ. ಮೊದಲ ವರ್ಷ ಒಂದು ಗೋದಾಮಿಗೆ ಕಳಿಸಿದಾಗ ಒಂದು ಕೋಣೆಗೆ ಬೀಗ ಹಾಕಿತ್ತಂತೆ. ಬೀಗದ ಕೈ ಕಳೆದಿದೆ, ಒಳಗಿರೋದೂ ಇವೇ ಮೂಟೆಗಳು ಎಂದು ಗೋದಾಮಿನವರು ಹೇಳಿದರಂತೆ. ಬಾಗಿಲು ತೆಗೆಸಿ ಎನ್ನಲು ನಾಲಿಗೆ ಏಳದೆ ಟಿಕ್ ಹಾಕಿದರಂತೆ. ಕೋಣೆಯಲ್ಲಿದ್ದದ್ದು ಮುರಿದ ಕುರ್ಚಿಗಳು.

“ದೊಡ್ಡ ಸಾಹೇಬ್ರು, ಅಂದ್ರೆ ಇವ್ರ ಅಪ್ಪ, ಬೈಲೇ ಇಲ್ಲ. ಬೈದಿದ್ರೆ ಮರ್ತುಬಿಡ್ತಿದ್ದೆ.”

“ನೀವು ಆಡಿಟರ್ ಪರೀಕ್ಷೆ ಯಾಕೆ ಕಟ್ಟಲಿಲ್ಲ ಅಕ್ಕ?”

“ಎರಡು ಸಲ ಕಟ್ಟಿದೆ. ಆ ಮೂರು ಗಂಟೆ ಒಂದೇ ಕಡೆ ಕೂತ್ಕೊಳ್ಳೋದು ನನ್ನ ಕೈಲಿ ಆಗ್ಲಿಲ್ಲ. ಡಬ್ಬ ಬಿಚ್ಚು ಅಂದ್ರೆ ದಿನಾ ಬಿಚ್ತೀನಿ.”

ಅಂಗಡಿಯಲ್ಲಿ ನರೆತ ಮೀಸೆಯವರು ನಮ್ಮ ಮುಖ ನೋಡದೆ ಡಬ್ಬಗಳನ್ನು ಇಳಿಸಿಕೊಟ್ಟರು. ಕಪಾಟಿನ ಬೂಟು ಒಂದು ಕೈಯಲ್ಲಿ, ಡಬ್ಬದ್ದು ಇನ್ನೊಂದು ಕೈಯಲ್ಲಿ. ಜೊತೆ ಮಾಡಿ, ನೋಡಿ, ಟಿಕ್ ಹಾಕುತ್ತ ಹೋದೆ. ಅಕ್ಕ ಗಿರಾಕಿಗಳ ಬೆಂಚಿನಲ್ಲಿ ಕೂತು ಸುಮ್ಮನೆ ನೋಡುತ್ತಿದ್ದರು. ನೂರ ನಲವತ್ತೊಂದು ಸಿಕ್ಕವು. ಕೊನೆಯ ಡಬ್ಬ ಖಾಲಿ.

“ಇಲ್ಲೇ ಎಲ್ಲೋ ಇರತ್ತಮ್ಮ, ಟಿಕ್ ಹಾಕ್ಬಿಡು,” ಎಂದರು ನರೆತ ಮೀಸೆಯವರು.

ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ಅಕ್ಕ ನನ್ನ ಕಡೆ ನೋಡಲಿಲ್ಲ.

“ಕಣ್ಣಿಗೆ ಕಂಡ ಮೇಲೆ ಹಾಕ್ತೀನಿ ಸಾರ್,” ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದು, ಬೂಟು ಹಾಕಿ ನೋಡುತ್ತಿದ್ದ ಹುಡುಗನೊಬ್ಬ ತಿರುಗಿ ನೋಡಿದ. ಮತ್ತೆ ಮೆಲ್ಲಗೆ, “ನಿಮಗೇ ಒಳ್ಳೇದು. ತಪ್ಪು ನನ್ನದು,” ಎಂದೆ.

ಅವರು ಮೀಸೆಯ ಕೆಳಗೇ ನಕ್ಕರು. “ಅಕ್ಕನ ಕೈಯಲ್ಲಿ ಕಲ್ತಿದ್ದು ಅಂತ ಹೇಳೋದೇ ಬೇಡ,” ಎನ್ನುತ್ತ ಮಂಡಿಯೂರಿ ಬೆಂಚುಗಳ ಕೆಳಗೆಲ್ಲ ಕೈಯಾಡಿಸಿದರು. ಆ ಒಂಟಿ ಬೂಟು ಅಕ್ಕನ ಬೆಂಚಿನ ಕೆಳಗೇ ಇತ್ತು. ಟಿಕ್ ಹಾಕಿದೆ. ಉಳಿದ ಡಬ್ಬಗಳನ್ನೂ ಒಂದೊಂದಾಗಿ ಬಿಚ್ಚಿ ಮುಗಿಸುವಾಗ ಸಂಜೆಯಾಯಿತು. ಸಾವಿರದ ನೂರೆಂಟು. ಮಾಲೀಕರು ಬಂದು ಹಾಳೆ ನೋಡಿ, ಸೇಲ್ಸ್‌ಮನ್ ಕಡೆ ತಿರುಗಿ, “ಸೋಮವಾರ ಸ್ವಲ್ಪ ಬೇಗ ಬಾ, ಹೊಸ ಸರಕು ಬರತ್ತೆ,” ಎಂದರು.

ಶನಿವಾರ ಸಾಹೇಬರ ಮೇಜಿನ ಮೇಲೆ ನನ್ನ ಅಪ್ರೆಂಟಿಸ್ ಕಾಗದ ಇತ್ತು. ಅಭ್ಯರ್ಥಿಗೆ ಏನೇನು ಬರುತ್ತದೆ ಎಂದು ಅದರಲ್ಲಿ ಏಳು ಸಾಲು. ಅದನ್ನು ತುಂಬಿದ್ದು ಅಕ್ಕ. ಐದು ಸಾಲಿಗೆ ಹಸಿರು ಟಿಕ್ ಇತ್ತು. ‘ಹೊರಗಿನವರೊಂದಿಗೆ ಮಾತು’ ಎಂಬ ಸಾಲಿನ ಮುಂದೆ ಮೊದಲು ‘ನೋಡಿಲ್ಲ’ ಎಂದು ಬರೆದು ಆಮೇಲೆ ಅಳಿಸಿದ್ದರು. ಪೆನ್ಸಿಲ್ ಒತ್ತಿದ ಗುರುತು ಹಾಗೇ ಇತ್ತು. ಅದರ ಮೇಲೊಂದು ಹೊಸ ಟಿಕ್.

“ಇದು ಯಾವಾಗ ನೋಡಿದ್ರಿ ಅಕ್ಕ?”

“ನಿನ್ನೆ. ಬೆಂಚಿನ ಮೇಲೆ ಕೂತ್ಕೊಂಡು.”

ಸಾಹೇಬರ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ‘ತಪ್ಪಿಲ್ಲದ ಕೆಲಸ’. ಅಲ್ಲಿ ‘ನೋಡಿಲ್ಲ’ ಎಂದೇ ಇತ್ತು.

“ಇದೇನು?”

“ಅದನ್ನ ನಾನು ಇನ್ನೂ ಯಾರಲ್ಲೂ ನೋಡಿಲ್ಲ ಸಾರ್. ನೀವು ರುಜು ಹಾಕಿ.”

ಸಾಹೇಬರು ಹಾಕಿದರು. ಅಪ್ಪನಿಗೆ ಕಾಗದ ತೋರಿಸಿದಾಗ ಅವರು ಏಳೂ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ ಟಿವಿಯ ಮೇಲಿನ ಫಾರಂ ತೆಗೆದು, ಮಡಿಸಿ, ಬೀರುವಿನೊಳಗೆ ಇಟ್ಟರು. ಹರಿಯಲಿಲ್ಲ. ಅದನ್ನೂ ನಾನು ನೋಡಿದ್ದರಿಂದಲೇ ಬರೆಯುತ್ತಿದ್ದೇನೆ.