ಅತ್ತೆಯ ಹಿಡಿ ಅಳತೆ

ಡಿಸೆಂಬರ್ ಕೊನೆಯಲ್ಲಿ ಅತ್ತೆ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಸಂಕ್ರಾಂತಿ ಹತ್ತಿರದಲ್ಲೇ ಇತ್ತು. ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಹಳ್ಳಿಯಲ್ಲಿರುವ ನಮ್ಮ ಮನೆಗೆ ಆ ದಿನ ಮಾವನ ಕಡೆಯವರೆಲ್ಲ ಊಟಕ್ಕೆ ಬರುತ್ತಾರೆ. ಹೊಲಗಳಿದ್ದ ಜಾಗದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಸೇರಿದ್ದಾರೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಅದೊಂದೇ ದಿನ, ಉಣ್ಣುವುದು ಅತ್ತೆ ಮಾಡುವ ಅವರೆಕಾಳಿನ ಹಿತಕಿದ ಬೇಳೆ ಸಾರು.

ಸುದ್ದಿ ತಿಳಿದು ಮಾವನ ತಂಗಿ ಬ್ರೂಕ್‌ಫೀಲ್ಡ್‌ನಿಂದ ನೋಡಲು ಬಂದರು.

“ಈ ಸಲ ನಮ್ ಅಪಾರ್ಟ್‌ಮೆಂಟಿಗೇ ಬಂದ್ಬಿಡಿ ಅತ್ತಿಗೆ. ಕ್ಲಬ್‌ಹೌಸ್ ಇದೆ, ಊಟ ಹೊರಗಡೆಯಿಂದ ತರಿಸಿದ್ರಾಯ್ತು. ಚೆನ್ನಾಗಿದ್ರೆ ಇನ್ಮೇಲೆ ಪ್ರತಿ ವರ್ಷ ಅಲ್ಲೇ ಇಟ್ಕೊಳ್ಳಾಣ. ನಿಮಗೂ ಎಷ್ಟು ವರ್ಷ ಅಂತ ಕಷ್ಟ?”

ಪ್ರೀತಿಯಿಂದಲೇ ಹೇಳಿದ್ದು. ಅತ್ತೆ “ನೋಡಾನ” ಎಂದರು. ಕಾಫಿ ಮುಟ್ಟಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಅವರು ಕಾಫಿ ಬಿಟ್ಟದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

“ಅಡಿಗಿ ನಾ ಮಾಡ್ತೀನ್ರಿ,” ಎಂದುಬಿಟ್ಟೆ.

ಮಾವನ ತಂಗಿ ನಕ್ಕರು. “ನಿಮ್ ಹಾವೇರಿ ಕಡೆ ರೊಟ್ಟಿ ಬಡಿದಂಗಲ್ಲ ಕಣಮ್ಮ. ಅವರೆಕಾಳು ಹಿತುಕಿದ್ದೀಯಾ ಯಾವತ್ತಾದ್ರೂ?”

“ಇಲ್ರೀ.”

“ಸರಿ, ಹಬ್ಬದ ಹಿಂದಿನ ಭಾನುವಾರ ಫೋನ್ ಮಾಡ್ತೀನಿ. ಆಗಲ್ಲ ಅಂದ್ರೆ ಹಾಲ್ ಬುಕ್ ಮಾಡ್ಬಿಡ್ತೀನಿ.”

ನಾನು ಏನು ಮಾಡಿದರೂ ದಿನಾಂಕ ಹಾಕಿ ಬರೆದಿಡುವವಳು. ಮೊದಲ ಪ್ರಯೋಗದ ಪುಟದಲ್ಲಿ ಇರುವುದು ಒಂದೇ ಪದ: ಬಟಾಣಿ. ಬೊಮ್ಮನಹಳ್ಳಿಯ ರಸ್ತೆ ಬದಿಯ ರಾಶಿಯಲ್ಲಿ ಕೈಗೆ ಅಂಟುವ, ಘಾಟು ವಾಸನೆಯ ಕಾಯಿಗಳನ್ನು ಔಷಧಿ ಹೊಡೆದದ್ದೆಂದು ಬದಿಗೆ ಸರಿಸಿ, ನುಣ್ಣಗೆ ಚೊಕ್ಕಟವಾಗಿದ್ದವನ್ನೇ ಆರಿಸಿ ತಂದಿದ್ದೆ. ಸಾಲದೆಂದು ಉಪ್ಪುನೀರಿನಲ್ಲಿ ಉಜ್ಜಿ ತೊಳೆದೆ. ಕಾಳು ನೆನೆಸಿ, ಒಂದೊಂದನ್ನೇ ಎರಡು ಬೆರಳ ನಡುವೆ ಹಿಡಿದು ಹಿಸುಕಿ, ಸಿಪ್ಪೆ ಬೇರೆ ಬೇಳೆ ಬೇರೆ ಮಾಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅತ್ತೆ ಒಂದು ಚಮಚ ಸಾರು ಬಾಯಿಗಿಟ್ಟು, “ಬಟಾಣಿ ಸಾರ್ ಇದ್ದಂಗದೆ,” ಎಂದು ನನ್ನ ಕೈಗಳನ್ನು ನೋಡಿದರು.

“ಕೈ ಯಾಕೆ ಇಷ್ಟ್ ಬೆಳ್ಳಗವೆ? ಅವರೆಕಾಯಿ ಸುಲಿದ್ರೆ ಬೆರಳು ಕರ್ರಗಾಗ್ಬೇಕು.”

“ಅಂಟು ಇತ್ತಲ್ರಿ ಅತ್ತೀ, ಅಂಥಾವು ತರಲಿಲ್ಲ. ತಂದಾವನ್ನೂ ಚೆಂದಗೆ ತೊಳದೇನಿ.”

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿದ್ದ ಮೇಲೆ ಅದೇ ಮೊದಲ ನಗು. “ಅಯ್ಯೋ ಮಗಾ, ಅದೇ ಸೊಗಡು! ಅದಕ್ಕೇ ಜನ ದುಡ್ಡು ಕೊಡಾದು! ರೀ, ಕೇಳುಸ್ಕಂಡ್ರಾ? ನಿಮ್ ಸೊಸೆ ಸೊಗಡು ತೊಳೆದವ್ಳೆ!” ಮಾವ ಆ ಮಾತನ್ನು ಬೀದಿಯ ಕೊನೆಯವರೆಗೂ ಮುಟ್ಟಿಸಿದರು.

ಎರಡನೆಯ ಸಲ ಕಾಯಿ ಸರಿಯಾಗಿತ್ತು, ಬೆರಳು ಕಪ್ಪಾಗಿತ್ತು, ಮಸಾಲೆ ಕೆಟ್ಟಿತು. ಅತ್ತೆಯ ಅಳತೆಯೆಲ್ಲ ಹಿಡಿಯಲ್ಲಿ: ಧನಿಯ ಒಂದು ಹಿಡಿ, ತೆಂಗಿನತುರಿ ಒಂದು ಹಿಡಿ, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಆ ಹಿಡಿಯೀಗ ಪ್ಲಾಸ್ಟರಿನೊಳಗಿತ್ತು. ನನ್ನ ಚಿಕ್ಕ ಹಿಡಿಯಲ್ಲಿ ಹಾಕಿದರೆ ಸಾರು ನೀರುನೀರು. ಅತ್ತೆಯ ಎಡಗೈಯಿಂದ ಅಡುಗೆಮನೆಯ ತಕ್ಕಡಿಗೆ ಧನಿಯ ಹಾಕಿಸಿದೆ. ಹಾಕಿದಷ್ಟು ಸಲವೂ ಬೇರೆ ಬೇರೆ ತೂಕ.

“ಈ ಕೈಗೆ ಅಡ್ಗೆ ಗೊತ್ತಿಲ್ಲ ಕಣಮ್ಮ,” ಎಂದು ಅವರು ಕೈ ಕೊಡವಿದರು. ಆಮೇಲೆ ತಕ್ಕಡಿಯನ್ನು ದೂರ ಸರಿಸಿ, “ಬುಡು, ಅವ್ಳು ಹಾಲ್ ಬುಕ್ ಮಾಡ್ಲಿ. ಜನ ಎಲ್ಲೋ ಒಂದ್ ಕಡೆ ಸೇರಿದ್ರಾಯ್ತು,” ಎಂದರು.

ಅವರ ಎಡಗೈಗೆ ಗೊತ್ತಿಲ್ಲದಿದ್ದರೂ ಕಣ್ಣಿಗೆ ನೆನಪಿದ್ದೀತು ಎನ್ನಿಸಿತು. ತಟ್ಟೆಯಲ್ಲಿ ಧನಿಯ ಸ್ವಲ್ಪಸ್ವಲ್ಪವೇ ಸುರಿಯುತ್ತ ಹೋದೆ. ಅವರು ತಟ್ಟೆಯನ್ನೇ ನೋಡುತ್ತಿದ್ದರು. “ಇನ್ನೊಂಚೂರು... ಇನ್ನೊಂಚೂರು... ಆ, ನಿಲ್ಸು!” ನಿಲ್ಲಿಸಿದೆ, ತೂಗಿದೆ, ಬರೆದುಕೊಂಡೆ. ತೆಂಗಿನತುರಿ, ಹುರಿಗಡಲೆ, ಗಸಗಸೆ ಎಲ್ಲವೂ ಹೀಗೆಯೇ ಆಯಿತು. ಚಕ್ಕೆ ಲವಂಗಕ್ಕೆ ಬಂದಾಗ ಅವರೇ ತಕ್ಕಡಿಯ ಅಂಕಿ ಬಗ್ಗಿ ನೋಡಿ, “ಓಹೋ, ಇಷ್ಟಾ ನಾನು ಹಾಕ್ತಿದ್ದಿದ್ದು?” ಎಂದು ಅಚ್ಚರಿಪಟ್ಟರು. ಅಂದಿನ ಸಾರಿನ ಬಟ್ಟಲನ್ನು ಅವರು ಬರಿದು ಮಾಡಿದ್ದರಿಂದ, ಭಾನುವಾರ ಫೋನ್ ಬಂದಾಗ ನಾನು ಮಾತಾಡಬೇಕಾಗಲಿಲ್ಲ. ಅತ್ತೆಯೇ ಎತ್ತಿಕೊಂಡು, “ಎಲ್ರೂ ಇಲ್ಲೇ ಬನ್ನಿ,” ಎಂದರು.

ಹಬ್ಬದ ದಿನ ಹಜಾರದ ತುಂಬ ಜನ. ಮುದ್ದೆ ತಿರುವುವ ಕೆಲಸ ಮಾವನದು, ಬಡಿಸುವುದು ನನ್ನ ಗಂಡನದು. ನಾನು ಒಲೆಯ ಮುಂದಿನಿಂದಲೇ ಎಲೆಗಳ ಕಡೆ ಕಣ್ಣಿಟ್ಟಿದ್ದೆ. ಸಾರು ಹಿಡಿಸಿತೋ ಇಲ್ಲವೋ ಯಾರ ಮುಖದಿಂದಲೂ ತಿಳಿಯಲಿಲ್ಲ. ಅಷ್ಟರಲ್ಲಿ ಮಾವನ ತಂಗಿ ತಲೆಯೆತ್ತಿ, “ಅತ್ತಿಗೆ ಎಲ್ಲಿ?” ಎಂದರು.

ಅತ್ತೆ ಕೋಣೆಯೊಳಗೆ ಮಂಚದ ಮೇಲಿದ್ದರು. ನಾಲ್ಕು ಜನರ ನಡುವೆ ಎಡಗೈಯಲ್ಲಿ ಚಮಚ ಹಿಡಿದು ಹಬ್ಬದ ಊಟ ಮಾಡಲು ಅವರಿಗೆ ಮನಸ್ಸಿರಲಿಲ್ಲ, ಆಮೇಲೆ ತಿನ್ನುತ್ತೇನೆ ಎಂದಿದ್ದರು. ಮಾವನ ತಂಗಿ ಕೈ ತೊಳೆದು ಹೋಗಿ, ತೋಳು ಹಿಡಿದು ಕರೆತಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಇನ್ನೊಂದು ಎಲೆ ಹಾಕಿಸಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಎತ್ತಿದರು.

“ಬಾಯಿ ತೆಗೀರಿ.”

“ಏ, ಎಲ್ರೂ ನೋಡ್ತಾವ್ರೆ ಕಣೇ.”

“ನೋಡ್ಲಿ ಬಿಡಿ. ನಾನು ಚಿಕ್ಕವಳಿದ್ದಾಗ ನೀವು ತಿನ್ನಿಸ್ಲಿಲ್ವಾ?” ಆಮೇಲೆ ನನ್ನತ್ತ ತಿರುಗಿ, “ಖಾರ ಒಂಚೂರು ಮುಂದಿದೆ ಕಣಮ್ಮ. ಮುಂದಿನ್ ವರ್ಷ ಕಾಯಿ ನಾನೇ ತರ್ತೀನಿ, ಬೆಳಗ್ಗೆನೇ ಬಂದು ಹಿತುಕ್ತೀನಿ. ನಿನ್ ಕೈಗೆ ಕೊಟ್ರೆ ತೊಳೆದುಬಿಡ್ತೀಯಾ,” ಎಂದರು.

ಹಜಾರವೆಲ್ಲ ನಕ್ಕಿತು. ಬಾಯಿ ತುಂಬಿದ್ದ ಅತ್ತೆ ನನ್ನ ಕಡೆ ನೋಡಿ, ಇನ್ನೂ ಸ್ವಲ್ಪ ಸಾರು ತಾ ಎಂದು ಎಡಗೈಯಿಂದ ಸನ್ನೆ ಮಾಡಿದರು. ನಾನು ಪಾತ್ರೆಯನ್ನೇ ಎತ್ತಿಕೊಂಡು ಹೋದೆ.