ಆಡೂರಿನ ಕಡೆ ಹೋದ ಶನಿವಾರ

ವೈದ್ಯಕೀಯ ಕಾಲೇಜಿನಲ್ಲಿ ನಾವು ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ಹಳ್ಳಿಯ ಮಕ್ಕಳಿಗೆ ಡಾಕ್ಟರ್, ನರ್ಸ್ ಕೆಲಸದ ಮೇಲೆ ಆಸೆ ಹುಟ್ಟಿಸಬೇಕು, ಕಲಿತ ಮೇಲೆ ಅವರು ತಮ್ಮೂರ ಕಡೆಯೇ ಉಳಿಯಬೇಕು ಎಂಬುದು ನಮ್ಮ ಹಂಬಲ. ಶನಿವಾರ ಬಂತೆಂದರೆ ಸವಣೂರು, ಶಿಗ್ಗಾವಿ, ಹಾನಗಲ್ಲ ಕಡೆಯ ಯಾವುದಾದರೂ ಶಾಲೆಗೆ ಬಸ್ ಹತ್ತುತ್ತಿದ್ದೆವು. ನಮ್ಮ ಭಾಷಣಕ್ಕಿಂತ ಸ್ಟೆತಾಸ್ಕೋಪೇ ಹೆಚ್ಚು ಕೆಲಸ ಮಾಡುತ್ತಿತ್ತು. ತಮ್ಮ ಎದೆಬಡಿತ ಕೇಳಿದ ಮಕ್ಕಳು ಒಮ್ಮೆಲೇ ಸುಮ್ಮನಾಗುತ್ತಿದ್ದರು.

ಆಡೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹುಡುಗಿಯೊಬ್ಬಳು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆಯಲೇ ಇಲ್ಲ.

“ಅಕ್ಕಾರ, ನಮ್ಮನಿ ಇಲ್ಲೇ ಐತ್ರಿ. ನಮ್ಮ ಆಯೀದೂ ಒಮ್ಮೆ ಕೇಳಬೇಕ್ರಿ,” ಅಂದಳು.

ಹೆಡ್‌ಮಾಸ್ತರರನ್ನು ಕೇಳಿ ಅವಳ ಜೊತೆ ಹೋದೆ. ಅವಳ ಅಜ್ಜಿ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಬಿದ್ದು ಸೊಂಟ ಮುರಿದ ಮೇಲೆ ಎದ್ದಿರಲಿಲ್ಲವಂತೆ. ಮೊಮ್ಮಗಳು ಅವಳ ಎದೆಯ ಮೇಲೆ ಬಿಲ್ಲೆ ಇಟ್ಟು ಕಣ್ಣು ಮುಚ್ಚಿದಳು.

“ಏನಂತೈತಿ?” ಅಜ್ಜಿ ಕೇಳಿದಳು.

“ಜೋರ ಐತಿ ಆಯಿ, ನಿನ್ನ ದನಿಗತೇನ.”

“ಹಂಗಾದ್ರ ನಿಂದೂ ನನಗ ಕೇಳಸು.”

ನಾನೇ ಅಜ್ಜಿಯ ತಲೆ ಮೇಲಿನ ಸೆರಗು ಸರಿಸಿ ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಹಾಕಿದೆ. ಮೊಮ್ಮಗಳ ಎದೆಬಡಿತವನ್ನು ಅವಳು ಕೇಳುತ್ತಲೇ ಇದ್ದಳು. ಕೊನೆಗೆ ಆ ಹುಡುಗಿಯ ಕೆನ್ನೆ ಸವರಿ ನನ್ನ ಕಡೆ ತಿರುಗಿದಳು.

“ನೀ ಇಲ್ಲೇ ಇರಾಕೇನವ್ವಾ?”

“ಇಲ್ರೀ, ಸಂಜಿ ಬಸ್ಸಿಗೆ ಹೋಗ್ತೀವ್ರಿ.”

“ಹೂಂ. ಬಂದಾವ್ರೆಲ್ಲಾ ಸಂಜೀಕ ಹೋಗ್ತಾರ,” ಅಂದಳು. ದನಿಯಲ್ಲಿ ಬೇಸರವೇನೂ ಇರಲಿಲ್ಲ. ನನಗೆ ಶೇಂಗಾ, ಬೆಲ್ಲ ಕೊಡಲು ಮೊಮ್ಮಗಳಿಗೆ ಹೇಳಿದಳು.

ಬಸ್ಸಿನಲ್ಲಿ ಗೆಳತಿಯರು ಹಾಡುತ್ತಿದ್ದರು. ನಾನು ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಮಕ್ಕಳಿಗೆ ಹಳ್ಳಿಯಲ್ಲೇ ಉಳಿಯಿರಿ ಎನ್ನುತ್ತಿದ್ದ ನಮ್ಮಲ್ಲಿ ತಾನು ಉಳಿಯುವ ಮಾತನ್ನು ಒಬ್ಬರೂ ಆಡಿರಲಿಲ್ಲ.

ಓದು ಮುಗಿದಾಗ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರವನ್ನೇ ಕೇಳಿ ಪಡೆದೆ. ಮನೆಯಲ್ಲಿ ಭಾಗವತ ಓದುತ್ತಿದ್ದ ಅಪ್ಪ ಕನ್ನಡಕ ತೆಗೆದು, “ಅಲ್ಲೆ ಊಟದ ವ್ಯವಸ್ಥಾ ಹ್ಯಾಂಗದ?” ಎಂದಷ್ಟೇ ಕೇಳಿದರು. ಮೊದಲ ವಾರ ತಾವೇ ಬಂದು ನನ್ನ ಜೊತೆಗಿದ್ದು ಸಾರು ಮಾಡಿ ಹಾಕಿದರು.

ಆ ಹುಡುಗಿ ಡಾಕ್ಟರೂ ಆಗಲಿಲ್ಲ, ನರ್ಸೂ ಆಗಲಿಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಆಯಿ ತೀರಿಕೊಳ್ಳುವ ಮುಂಚೆ ಹೇಳಿಕೊಟ್ಟ ಬೀಸುವ ಪದಗಳನ್ನೆಲ್ಲ ಬರೆದಿಟ್ಟಿದ್ದಾಳಂತೆ. ಆ ದಿನ ಬರೆದುಕೊಂಡ ನನ್ನ ನಂಬರಿಗೆ ಆಗಾಗ ಫೋನ್ ಮಾಡುತ್ತಾಳೆ. ಮೊನ್ನೆ ನಗುತ್ತ, “ನನ್ನ ಡಾಕ್ಟರ್ ಮಾಡಾಕ ಬಂದಿದ್ರಿ. ಕಡೀಕ ನೀವ ಹಳ್ಳ್ಯಾಗ ಉಳದ್ರಿ ನೋಡ್ರಿ ಅಕ್ಕಾರ,” ಅಂದಳು.

ಬಾಗಿಲಲ್ಲಿ ಬಾಣಂತಿಯೊಬ್ಬಳು ಕೂಸಿನ ತೂಕ ಮಾಡಿಸಲು ಕಾಯುತ್ತಿದ್ದಳು. ಆಮೇಲೆ ಮಾತಾಡ್ತೀನಿ ಅಂದು ಫೋನಿಟ್ಟು ಕೂಸನ್ನು ಎತ್ತಿಕೊಂಡೆ.